ಬೂಟ್ ಆಗೋವಾಗ ಪರ್ಸಿಸ್ಟೆಂಟ್ ಮೆಮೊರಿಗೆ ಕೈ ಹಾಕೋದು ಯಾರು? ಕರ್ನಲ್ಲಾ, ಅದಕ್ಕಿಂತ ಮುಂಚೆ ಓಡೋರಾ?

ಬಿಟ್‌ಹುಡುಕಾಟ

ನಮಸ್ಕಾರ ಎಲ್ರಿಗೂ. ಪರ್ಸಿಸ್ಟೆಂಟ್ ಮೆಮೊರಿ (ಚಿಕ್ಕದಾಗಿ ಪಿಮೆಮ್), ಅಂದ್ರೆ ಪವರ್ ಹೋದ್ರೂ ಡೇಟಾ ಉಳಿಸ್ಕೊಳ್ಳೋ ಮೆಮೊರಿ ಬಗ್ಗೆ ಕಲೀತಾ ಇದೀನಿ, ನನ್ ಹತ್ರ ನಿಜವಾದ ಎನ್‌ವಿಡಿಮ್ (ರ್ಯಾಮ್ ಸ್ಲಾಟಲ್ಲಿ ಕೂರೋ ಅಂಥ ಮೆಮೊರಿ ಕಾರ್ಡು, ಡಿಮ್) ಇಲ್ಲ, ಹಾಗಾಗಿ ಎರಡು ಮಷೀನಲ್ಲಿ ಲಿನಕ್ಸ್ ಕಮಾಂಡ್ ಲೈನಿಗೆ ಮೆಮ್‌ಮ್ಯಾಪ್ ಪ್ಯಾರಾಮೀಟರ್ ಹಾಕಿ ಮಾಮೂಲಿ ರ್ಯಾಮಲ್ಲೇ ಒಂದು ತುಂಡನ್ನ ಪಿಮೆಮ್ ಅಂತ ತೋರಿಸಿದೀನಿ. 4ಜಿ!12ಜಿ ಅಂತ ಕೊಟ್ರೆ 12 ಜಿಬಿ ಅಡ್ರೆಸ್ಸಿಂದ ಶುರುವಾಗಿ 4 ಜಿಬಿ, ಆ ಲೆಕ್ಕ. ಪಿಮೆಮ್0 ಅಂತ ಡಿವೈಸ್ ಬಂತು, ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಹಾಕ್ದೆ, ಡ್ಯಾಕ್ಸ್ (ಪಿಮೆಮ್‌ನ ನೇರವಾಗಿ ಓದಿ ಬರೆಯೋದು) ಆಪ್ಷನ್ ಕೊಟ್ಟು ಮೌಂಟ್ ಮಾಡ್ದೆ, ಅಲ್ಲಿವರೆಗೂ ಏನೂ ತೊಂದ್ರೆ ಇಲ್ಲ.

ಪವರ್ ತೆಗೆದ್ರೆ ಡಿರ್ಯಾಮ್ (ಮಾಮೂಲಿ ರ್ಯಾಮ್) ಖಾಲಿ ಆಗುತ್ತೆ, ಅದು ಗೊತ್ತಿರೋದೇ. ನನ್ನ ಪ್ರಶ್ನೆ ಬರೀ ರೀಬೂಟ್ ಬಗ್ಗೆ. ಮೊದಲನೇ ಮಷೀನಲ್ಲಿ ರೀಬೂಟ್ ಆದ್ಮೇಲೂ ಫೈಲುಗಳು ಹಾಗೇ ಇರುತ್ವೆ. ಎರಡನೇದ್ರಲ್ಲಿ ರ್ಯಾಮ್ ಕಮ್ಮಿ, ಅದಕ್ಕೆ ರ್ಯಾಮಿನ ಮೇಲ್ತುದಿಯ ತುಂಡನ್ನೇ ಕೊಟ್ಟಿದೀನಿ, ಅಲ್ಲಿ ಮೌಂಟೂ ಆಗುತ್ತೆ, ಫೈಲ್‌ಸಿಸ್ಟಮ್ ಪರೀಕ್ಷಿಸೋ ಎಫ್‌ಎಸ್‌ಸಿಕೆ ಎಲ್ಲ ಕ್ಲೀನ್ ಅನ್ನುತ್ತೆ, ಆದ್ರೆ ಒಂದು ದೊಡ್ಡ ಫೈಲಿನ ಚೆಕ್‌ಸಮ್ ಮಾತ್ರ ರೀಬೂಟ್ ಆದ್ಮೇಲೆ ಬೇರೆ ಬರ್ತಿದೆ. ಬೂಟ್ ಆಗೋವಾಗ ಕರ್ನಲ್ಲೇ ಈ ಜಾಗಕ್ಕೆ ಕೈ ಹಾಕ್ತಿದ್ಯಾ? ಒಟ್ಟಾರೆ ಕರ್ನಲ್ ಪಿಮೆಮ್‌ನ ಬೂಟಲ್ಲಿ ಹೇಗೆ ನೋಡುತ್ತೆ ಅಂತ ಬುಡದಿಂದ ಯಾರಾದ್ರೂ ಹೇಳ್ತೀರಾ?

ಸೆಗ್‌ಫಾಲ್ಟ್_ಸುಬ್ಬು

ಕೆಎಎಸ್‌ಎಲ್‌ಆರ್ ಇರ್ಬೇಕು ಗುರು. ಕರ್ನಲ್ ತನ್ನನ್ನ ತಾನು ಎಲ್ಲಿ ಬಿಚ್ಕೋಬೇಕು ಅಂತ ಪ್ರತಿ ಬೂಟಲ್ಲೂ ರ್ಯಾಂಡಮ್ ಆಗಿ ಜಾಗ ಆರಿಸುತ್ತೆ, ನಿನ್ನ ಪಿಮೆಮ್ ಮೇಲೇ ಬಂದು ಕೂತಿರುತ್ತೆ. ನೋಕೆಎಎಸ್‌ಎಲ್‌ಆರ್ ಹಾಕಿ ನೋಡು.

ಪುಟಪಾಲಕ

ಸುಬ್ಬು ಹೇಳಿದ್ದು ಹಳೇ ಕರ್ನಲ್‌ಗಳಲ್ಲಿ ನಿಜವಾಗ್ಲೂ ಆಗ್ತಿತ್ತು, ಕೊನೆಗೆ ಅದಕ್ಕೆ ಬರ್ತೀನಿ. ಮೊದ್ಲು ಬುಡದಿಂದ ಕೇಳಿದ್ರಲ್ಲ, ಅದನ್ನ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಎಕ್ಸ್86ನಲ್ಲಿ ಕರ್ನಲ್‌ಗೆ ಮೆಮೊರಿ ಎಲ್ಲೆಲ್ಲಿದೆ ಅಂತ ತಾನಾಗೇ ಗೊತ್ತಿರಲ್ಲ, ಫರ್ಮ್‌ವೇರ್ (ಕರ್ನಲ್‌ಗಿಂತ ಮುಂಚೆ ಓಡೋ ಮದರ್‌ಬೋರ್ಡಿನ ಸಾಫ್ಟ್‌ವೇರ್) ಕೊಡೋ ಮ್ಯಾಪ್ ನೋಡಿನೇ ತಿಳ್ಕೋಬೇಕು. ಆ ಮ್ಯಾಪಿಗೆ ಇ820 ಅಂತ ಹೆಸರು, ಪ್ರತಿ ರೇಂಜಿಗೂ ಒಂದು ಟೈಪ್ ನಂಬರ್ ಇರುತ್ತೆ. 1 ಅಂದ್ರೆ ಬಳಸಬಹುದಾದ ರ್ಯಾಮ್, 2 ಅಂದ್ರೆ ರಿಸರ್ವ್ಡ್, 3 ಮತ್ತು 4 ಎಸಿಪಿಐಗೆ (ಫರ್ಮ್‌ವೇರ್ ಹಾರ್ಡ್‌ವೇರ್ ವಿವರವನ್ನ ಆಪರೇಟಿಂಗ್ ಸಿಸ್ಟಮಿಗೆ ಕೊಡೋ ಸ್ಟ್ಯಾಂಡರ್ಡ್) ಸಂಬಂಧಪಟ್ಟಿದ್ದು. ಪಿಮೆಮ್‌ಗೆ ಟೈಪ್ 7, ಇದು 2015ರಲ್ಲಿ ಎಸಿಪಿಐ 6.0 ಜೊತೆ ಬಂತು. ಅದಕ್ಕೂ ಮುಂಚೆ ಎನ್‌ವಿಡಿಮ್ ಮಾಡ್ತಿದ್ದ ಕಂಪನಿಗಳು ಸ್ಟ್ಯಾಂಡರ್ಡ್ ಇಲ್ದೇ ಟೈಪ್ 12 ಅಂತ ಬಳಸ್ತಿದ್ವು, ಲಿನಕ್ಸ್ ಅದನ್ನೂ ಗುರುತಿಸುತ್ತೆ. ನೀವು ಮೆಮ್‌ಮ್ಯಾಪಲ್ಲಿ ಆಶ್ಚರ್ಯಸೂಚಕ ಹಾಕಿದಾಗ ಆಗೋದು ಇಷ್ಟೇ, ಟೈಪ್ 1 ಆಗಿದ್ದ ತುಂಡನ್ನ ಕರ್ನಲ್ ತನ್ನ ಕಾಪಿಯಲ್ಲಿ ಟೈಪ್ 12 ಅಂತ ತಿದ್ಕೊಳ್ಳುತ್ತೆ. ಡಿಮೆಸ್ಗ್ (ಕರ್ನಲ್ ಲಾಗ್) ತೆಗೆದು ನೋಡಿ, ಫರ್ಮ್‌ವೇರ್ ಕೊಟ್ಟ ಮ್ಯಾಪ್ ಮೊದ್ಲು ಬರುತ್ತೆ, ಅದರ ಕೆಳಗೆ ಯೂಸರ್ ಅಂತ ಶುರುವಾಗೋ ಇನ್ನೊಂದು ಮ್ಯಾಪ್ ಇರುತ್ತೆ, ಅದರಲ್ಲಿ ಪರ್ಸಿಸ್ಟೆಂಟ್, ಟೈಪ್ 12 ಅಂತ ಕಾಣುತ್ತೆ.

ಯುಇಎಫ್‌ಐ (ಈಗಿನ ಥರದ ಫರ್ಮ್‌ವೇರ್) ಇರೋ ಮಷೀನಲ್ಲಿ ಫರ್ಮ್‌ವೇರಿಗೆ ತನ್ನದೇ ಟೈಪುಗಳಿವೆ, ಅಲ್ಲಿ ಪರ್ಸಿಸ್ಟೆಂಟ್ ಮೆಮೊರಿ ನಂಬರ್ 14. ಕರ್ನಲ್ಲಿನ ಇಎಫ್‌ಐ ಸ್ಟಬ್ (ಅದರ ಶುರುವಲ್ಲೇ ಓಡೋ ಸಣ್ಣ ಕೋಡು) ಅದನ್ನ ಇ820 ಟೈಪ್ 7ಕ್ಕೆ ಬದಲಾಯಿಸಿ ಮುಂದಕ್ಕೆ ಕೊಡುತ್ತೆ.

ಈಗ ಮುಖ್ಯ ವಿಷಯ. ಬೂಟಿನ ಶುರುವಲ್ಲಿ ಕರ್ನಲ್ ಮೆಮೊರಿ ಹಂಚೋದು ಮೆಮ್‌ಬ್ಲಾಕ್ ಅನ್ನೋ ಅಲೊಕೇಟರ್ ಮೂಲಕ, ಆಮೇಲೆ ಅದೇ ಜಾಗ ಮಾಮೂಲಿ ಪೇಜ್ ಅಲೊಕೇಟರಿಗೆ ಹೋಗುತ್ತೆ. ಮೆಮ್‌ಬ್ಲಾಕಿಗೆ ಸೇರೋದು ರ್ಯಾಮ್ ಅಂತ ಗುರುತಾದ ಜಾಗ ಮಾತ್ರ. 7 ಮತ್ತು 12 ಅದರೊಳಗೆ ಹೋಗೋದೇ ಇಲ್ಲ. ಅಂದ್ರೆ ಪೇಜ್ ಅಲೊಕೇಟರಿಗೆ ಆ ಜಾಗ ಇದೆ ಅಂತಾನೇ ತಿಳಿದಿರಲ್ಲ, ಪ್ರೋಸೆಸ್ಸಿಗೆ ಕೊಡಲ್ಲ, ಪೇಜ್ ಕ್ಯಾಶಿಗೆ ಬಳಸಲ್ಲ, ಸೊನ್ನೆ ತುಂಬಲ್ಲ. ಬೂಟಲ್ಲಿ ಮೆಮ್‌ಟೆಸ್ಟ್ ಆಪ್ಷನ್ ಕೊಟ್ರೂ ಅದು ಓಡೋದು ಮೆಮ್‌ಬ್ಲಾಕಿನ ಖಾಲಿ ರೇಂಜುಗಳ ಮೇಲೆ, ಪಿಮೆಮ್ ಕಡೆ ತಲೆ ಹಾಕಲ್ಲ. ಡೈರೆಕ್ಟ್ ಮ್ಯಾಪ್ ಅಂತಾರಲ್ಲ, ಇಡೀ ರ್ಯಾಮನ್ನ ಕರ್ನಲ್ ವರ್ಚುಯಲ್ ಅಡ್ರೆಸ್ಸಿಗೆ ಹೊಂದಿಸೋ ಪೇಜ್ ಟೇಬಲ್ಲು, ಅದರಲ್ಲೂ ಶುರುವಲ್ಲಿ ಇದಕ್ಕೆ ಎಂಟ್ರಿ ಇರಲ್ಲ. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಮೊದಲ ಉತ್ತರ, ಬೂಟಿನ ಶುರುವಲ್ಲಿ ಪಿಮೆಮ್ ವಿಷಯದಲ್ಲಿ ಕರ್ನಲ್ ಮಾಡೋ ಅತಿ ಮುಖ್ಯ ಕೆಲಸ ಅಂದ್ರೆ ಅದನ್ನ ಮುಟ್ಟದೇ ಇರೋದು.

ಬಿಟ್‌ಹುಡುಕಾಟ

ಸರ್ ತುಂಬಾ ಥ್ಯಾಂಕ್ಸ್. ಆದ್ರೆ ಮುಟ್ಟೋದೇ ಇಲ್ಲ ಅಂದ್ರೆ ಪಿಮೆಮ್0 ಹೇಗೆ ಬರುತ್ತೆ? ಯಾರೋ ಒಬ್ರು ಎತ್ಕೋಬೇಕಲ್ವಾ.

ಪುಟಪಾಲಕ

ಎತ್ಕೊಳ್ಳೋದು ಡ್ರೈವರ್. ಇ820ರಲ್ಲಿರೋ ಎಲ್ಲ ರೇಂಜುಗಳನ್ನೂ ಕರ್ನಲ್ ರಿಸೋರ್ಸ್ ಟ್ರೀಗೆ ಸೇರಿಸುತ್ತೆ, ಪ್ರಾಕ್ ಒಳಗಿನ ಐಒಮೆಮ್ ಫೈಲಲ್ಲಿ ಕಾಣೋದು ಅದೇ. ರೂಟ್ ಆಗಿ ನೋಡಿ, ಇಲ್ಲಾಂದ್ರೆ ಅಡ್ರೆಸ್ ಎಲ್ಲ ಸೊನ್ನೆ ಕಾಣುತ್ತೆ. ಸಿಸ್ಟಮ್ ರ್ಯಾಮ್ ರೇಂಜುಗಳಿಗೆ ಬ್ಯುಸಿ ಅಂತ ಗುರುತು ಹಾಕುತ್ತೆ, ಬೇರೆ ಯಾರೂ ಅದನ್ನ ಕೇಳೋ ಹಾಗಿಲ್ಲ. ಪರ್ಸಿಸ್ಟೆಂಟ್ ಮೆಮೊರಿ ರೇಂಜಿಗೆ ಆ ಗುರುತು ಹಾಕಲ್ಲ, ಬೇಕಂತಲೇ ಬಿಟ್ಟಿರ್ತಾರೆ, ಮುಂದೆ ಡ್ರೈವರ್ ಬಂದು ಇದು ನಂದು ಅನ್ನೋಕೆ. ಆ ಸಣ್ಣ ಫಂಕ್ಷನ್ನು ಓದಿ, ಇಡೀ ಡಿಸೈನ್ ಅದರಲ್ಲೇ ಅರ್ಥ ಆಗುತ್ತೆ.

ಟೈಪ್ 12 ರೇಂಜು ಸಿಕ್ರೆ ಇ820 ಪಿಮೆಮ್ ಅನ್ನೋ ಪ್ಲಾಟ್‌ಫಾರ್ಮ್ ಡಿವೈಸ್ ಒಂದು ಹುಟ್ಟುತ್ತೆ, ಎನ್‌ಡಿ ಇ820 ಮಾಡ್ಯೂಲ್ ಅದಕ್ಕೆ ಅಂಟಿಕೊಂಡು ಲಿಬ್‌ಎನ್‌ವಿಡಿಮ್ ಸಬ್‌ಸಿಸ್ಟಮಿಗೆ ಒಂದು ರೀಜನ್ ಅಂತ ಕೊಡುತ್ತೆ. ಲಿಬ್‌ಎನ್‌ವಿಡಿಮ್ ಕರ್ನಲ್ಲಿಗೆ ಬಂದಿದ್ದು 4.2ರಲ್ಲಿ, 2015. ಅಲ್ಲಿಂದ ಪಿಮೆಮ್ ಡ್ರೈವರ್, ಅಲ್ಲಿಂದ ನಿಮ್ಮ ಪಿಮೆಮ್0.

ಫರ್ಮ್‌ವೇರ್_ಪ್ರಿಯೆ

ಪುಟಪಾಲಕ ಸರ್ ಹೇಳಿದ್ದು ನಕಲಿ ಪಿಮೆಮ್‌ನ ದಾರಿ. ನಿಜವಾದ ಹಾರ್ಡ್‌ವೇರಲ್ಲಿ ಕಥೆ ಇನ್ನೂ ದೊಡ್ದು, ಅದನ್ನ ನಾನು ಸೇರಿಸ್ತೀನಿ.

ಟೈಪ್ 7 ಹೇಳೋದು ಇಲ್ಲಿಂದ ಇಲ್ಲಿವರೆಗೆ ಪಿಮೆಮ್ ಇದೆ ಅಂತ ಮಾತ್ರ. ಆ ರೇಂಜಿನ ಹಿಂದೆ ಯಾವ ಡಿಮ್ ಇದೆ, ಒಂದೇನಾ ನಾಲ್ಕಾ, ನಾಲ್ಕಿದ್ರೆ ಅಡ್ರೆಸ್ಸುಗಳು ಅವುಗಳ ಮಧ್ಯೆ ಹೇಗೆ ಇಂಟರ್‌ಲೀವ್ ಆಗಿವೆ (ಹಂಚಿಹೋಗಿವೆ), ಯಾವ ಡಿಮ್ ಹುಷಾರಾಗಿಲ್ಲ, ಇದೆಲ್ಲ ಇರೋದು ಎನ್‌ಫಿಟ್ ಅನ್ನೋ ಎಸಿಪಿಐ ಟೇಬಲಲ್ಲಿ. ಎಸಿಪಿಐ ನೇಮ್‌ಸ್ಪೇಸಲ್ಲಿ ಎಸಿಪಿಐ0012 ಅಂತ ಒಂದು ರೂಟ್ ಡಿವೈಸ್ ಇರುತ್ತೆ, ಎನ್‌ಫಿಟ್ ಡ್ರೈವರ್ ಅದಕ್ಕೆ ಬೈಂಡ್ ಆಗಿ ಟೇಬಲ್ ಓದಿ ಪ್ರತಿ ಡಿಮ್ಮಿಗೂ ಒಂದು ಆಬ್ಜೆಕ್ಟ್, ಪ್ರತಿ ಅಡ್ರೆಸ್ ರೇಂಜಿಗೂ ಒಂದು ರೀಜನ್ ಮಾಡುತ್ತೆ. ಇ820ರಲ್ಲಿ ಆ ರೇಂಜ್ ಬಂದಿಲ್ಲದಿದ್ರೂ ಡ್ರೈವರ್ ತಾನೇ ಅದನ್ನ ಐಒಮೆಮ್ ಟ್ರೀಗೆ ಸೇರಿಸುತ್ತೆ.

ಟೇಬಲ್ಲಲ್ಲಿ ಪ್ರತಿ ಡಿಮ್ಮಿನ ಜೊತೆ ಕೆಲವು ಫ್ಲ್ಯಾಗುಗಳು ಬರುತ್ವೆ, ಬೂಟಲ್ಲಿ ಮೊದ್ಲು ನೋಡಬೇಕಾದ್ದು ಅವನ್ನೇ. ಸೇವ್ ಫೇಲ್, ರಿಸ್ಟೋರ್ ಫೇಲ್, ಫ್ಲಷ್ ಫೇಲ್, ನಾಟ್ ಆರ್ಮ್ಡ್ ಅಂತೆಲ್ಲ. ಎನ್‌ವಿಡಿಮ್-ಎನ್ ತಗೊಳ್ಳಿ, ಅದರೊಳಗೆ ಇರೋದು ಮಾಮೂಲಿ ಡಿರ್ಯಾಮೇ, ಪಕ್ಕದಲ್ಲಿ ಫ್ಲ್ಯಾಶು, ಪವರ್ ಹೋದಾಗ ಸೂಪರ್‌ಕೆಪ್ಯಾಸಿಟರ್ ಅಥವಾ ಬ್ಯಾಟರಿಯಿಂದ ಡಿರ್ಯಾಮಿನದ್ದೆಲ್ಲ ಫ್ಲ್ಯಾಶಿಗೆ ಕಾಪಿ ಆಗುತ್ತೆ. ಪವರ್ ವಾಪಸ್ ಬಂದಾಗ ಕರ್ನಲ್ ಇನ್ನೂ ಹುಟ್ಟೋಕೆ ಮುಂಚೆಯೇ ಫರ್ಮ್‌ವೇರ್ ಅದನ್ನ ಫ್ಲ್ಯಾಶಿಂದ ಡಿರ್ಯಾಮಿಗೆ ವಾಪಸ್ ತುಂಬಿಸಬೇಕು, ಆಮೇಲೆ ಮುಂದಿನ ಪವರ್ ಕಟ್ಟಿಗೆ ರೆಡಿ ಮಾಡಿಡಬೇಕು, ಅದೇ ಆರ್ಮ್ ಮಾಡೋದು. ಕೆಪ್ಯಾಸಿಟರ್ ಸತ್ತಿದ್ರೆ ಆರ್ಮ್ ಆಗಲ್ಲ. ಆಗ ಓದೋಕೆ ಡೇಟಾ ಇರುತ್ತೆ, ಆದ್ರೆ ಹೊಸದಾಗಿ ಬರೆದಿದ್ದು ಉಳಿಯುತ್ತೆ ಅನ್ನೋ ಭರವಸೆ ಇಲ್ಲ. ಲಿನಕ್ಸ್ ಇಂಥ ರೀಜನ್ನನ್ನ ರೀಡ್ ಓನ್ಲಿ ಮಾಡಿ ಕೊಡುತ್ತೆ. ಎಷ್ಟೋ ಜನ ಮೌಂಟ್ ರೀಡ್ ಓನ್ಲಿ ಆಯ್ತು ಅಂತ ಬಲವಂತವಾಗಿ ರೈಟ್ ಆನ್ ಮಾಡ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಕರ್ನಲ್ ಅಲ್ಲಿ ನಿಮ್ಮ ಡೇಟಾ ಕಾಪಾಡೋಕೆ ನೋಡ್ತಿದೆ.

ಕ್ಯೂರಿ_ಕಾವೇರಿ

ಪ್ರಿಯೆ ಮೇಡಂ, ನಂದೊಂದು ಡೌಟು. ನಾನು ಡೇಟಾಬೇಸ್ ಕಡೆಯವಳು. ಎರರ್ ಇರೋ ಸೆಲ್ ಓದಿದ್ರೆ ಮಷೀನ್ ಚೆಕ್ (ಸಿಪಿಯು ಎಬ್ಬಿಸೋ ಹಾರ್ಡ್‌ವೇರ್ ಎರರ್) ಬಂದು ಎಲ್ಲ ಬಿದ್ದುಹೋಗುತ್ತೆ ಅಂತ ಕೇಳಿದೀನಿ, ಹಾಗಿದ್ರೆ ಪ್ರತಿ ಬೂಟಲ್ಲೂ ಸೂಪರ್‌ಬ್ಲಾಕ್ ಓದೋವಾಗಲೇ ಬಿದ್ದು ಮತ್ತೆ ರೀಬೂಟ್ ಆಗಿ ಮತ್ತೆ ಬೀಳೋ ಸ್ಥಿತಿ ಬರಲ್ವಾ? ಡಿರ್ಯಾಮಲ್ಲಾದ್ರೆ ರೀಬೂಟ್ ಆದ್ರೆ ಎರರ್ ಮರೆತುಹೋಗುತ್ತೆ, ಇಲ್ಲಿ ಎರರೂ ಪರ್ಸಿಸ್ಟೆಂಟ್ ಅಲ್ವಾ.

ಫರ್ಮ್‌ವೇರ್_ಪ್ರಿಯೆ

ಸರಿಯಾದ ಪ್ರಶ್ನೆ ಕಾವೇರಿ. ಅದಕ್ಕೇ ಅಡ್ರೆಸ್ ರೇಂಜ್ ಸ್ಕ್ರಬ್ ಅಂತ ಇದೆ, ಎಆರ್‌ಎಸ್ ಅಂತಾರೆ. ಎನ್‌ಫಿಟ್ ಡ್ರೈವರ್ ಬೂಟಲ್ಲಿ ಎಸಿಪಿಐ ಮೆಥಡ್ ಮೂಲಕ ಫರ್ಮ್‌ವೇರನ್ನ ಕೇಳುತ್ತೆ, ಈ ರೇಂಜಲ್ಲಿ ಎಲ್ಲೆಲ್ಲಿ ಕೆಟ್ಟಿದೆ ಅಂತ. ಮೊದ್ಲು ಚಿಕ್ಕ ಸ್ಕ್ರಬ್, ಅಂದ್ರೆ ಈಗಾಗಲೇ ಗೊತ್ತಿರೋ ಎರರುಗಳ ಪಟ್ಟಿ ಕೊಡು ಅನ್ನೋದು, ಇದು ಬೇಗ ಮುಗಿಯುತ್ತೆ. ಪೂರ್ತಿ ಮೀಡಿಯಾ ಓದೋ ಉದ್ದದ ಸ್ಕ್ರಬ್ಬು ಹಿನ್ನೆಲೆಯಲ್ಲಿ ನಡೆಯುತ್ತೆ, ಟೆರಾಬೈಟ್‌ಗಟ್ಟಲೆ ಇದ್ರೆ ಅದು ಮುಗಿಯೋವರೆಗೂ ಬೂಟನ್ನ ನಿಲ್ಸಿಡೋಕೆ ಆಗಲ್ಲ. ಸಿಕ್ಕಿದ ಎರರುಗಳು ಆ ಬ್ಲಾಕ್ ಡಿವೈಸಿನ ಬ್ಯಾಡ್‌ಬ್ಲಾಕ್ಸ್ ಪಟ್ಟಿಗೆ ಹೋಗುತ್ವೆ, ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಮಾಹಿತಿ ತೋರಿಸೋ ಫೈಲುಗಳು) ನೋಡಬಹುದು. ಆಮೇಲೆ ಆ ಸೆಕ್ಟರ್ ಓದೋಕೆ ಹೋದ್ರೆ ಡ್ರೈವರ್ ಮೆಮೊರಿ ಮುಟ್ಟದೇ ಸೀದಾ ಐಒ ಎರರ್ ವಾಪಸ್ ಕೊಡುತ್ತೆ, ಮಷೀನ್ ಚೆಕ್ ಬರೋ ಮಾತೇ ಇಲ್ಲ. ಅದೇ ಸೆಕ್ಟರಿಗೆ ಬ್ಲಾಕ್ ದಾರಿಯಲ್ಲಿ ಹೊಸದಾಗಿ ಬರೆದ್ರೆ ಡ್ರೈವರ್ ಫರ್ಮ್‌ವೇರಿಗೆ ಹೇಳಿ ಪಾಯ್ಸನ್ (ಕೆಟ್ಟಿದೆ ಅನ್ನೋ ಗುರುತು) ತೆಗೆಸುತ್ತೆ, ಹಳೇ ಡೇಟಾ ಹೋಯ್ತು, ಜಾಗ ಮಾತ್ರ ವಾಪಸ್ ಸಿಕ್ತು.

ಪಟ್ಟಿಗೆ ಬರದ ಹೊಸ ಎರರ್ ಸಿಕ್ರೆ? ಡ್ರೈವರ್ ಓದೋದು ಮಷೀನ್ ಚೆಕ್ ತಡ್ಕೊಳ್ಳೋ ಥರದ ಮೆಮ್‌ಕಾಪಿ ಬಳಸಿ, ಹಾಗಾಗಿ ಅಲ್ಲೂ ಐಒ ಎರರೇ ಬರುತ್ತೆ, ಅದಕ್ಕೆ ಸಿಪಿಯು ಸಪೋರ್ಟ್ ಇರ್ಬೇಕು ಅಷ್ಟೆ. ನಿಮ್ಮ ಅಪ್ಲಿಕೇಶನ್ ಡ್ಯಾಕ್ಸ್ ಮ್ಯಾಪ್ ಮಾಡಿ ನೇರ ಓದ್ತಾ ಇದ್ರೆ ಮಾತ್ರ ಸಿಗ್‌ಬಸ್ ಸಿಗ್ನಲ್ ಬರುತ್ತೆ, ಅದನ್ನ ನೀವೇ ಹಿಡೀಬೇಕು.

ಸೆಗ್‌ಫಾಲ್ಟ್_ಸುಬ್ಬು

ಇದೆಲ್ಲ ಸರಿ, ಆದ್ರೆ ಇಂಟೆಲ್‌ನ ಪಿಮೆಮ್ ಡಿಮ್ಮು ಆಪ್ಟೇನ್ ಹೋಯ್ತಲ್ಲ ಈಗ. ಇಂಟೆಲ್ 2022ರಲ್ಲೇ ಕೈ ಬಿಡ್ತು. ಈಗ ಇದನ್ನ ಕಲಿತು ಏನ್ ಮಾಡೋದು?

ಪುಟಪಾಲಕ

ಸುಬ್ಬು, ಆಪ್ಟೇನ್ ಡಿಮ್ಮುಗಳು 2019ರಲ್ಲಿ 128, 256, 512 ಜಿಬಿ ಸೈಜಲ್ಲಿ ಬಂದ್ವು, 2022ರ ಜುಲೈನಲ್ಲಿ ಇಂಟೆಲ್ ಆ ಬಿಸಿನೆಸ್ ಮುಚ್ತೀವಿ ಅಂತು, ನಿಜ. ಆದ್ರೆ ಅವಕ್ಕೋಸ್ಕರ ಕರ್ನಲ್ಲಲ್ಲಿ ಕಟ್ಟಿದ ದಾರಿ ಎಲ್ಲೂ ಹೋಗಿಲ್ಲ. ಸಿಎಕ್ಸ್‌ಎಲ್ (ಮೆಮೊರಿ ಜೋಡಿಸೋ ಒಂದು ಕನೆಕ್ಷನ್) ಮೂಲಕ ಬರೋ ಪಿಮೆಮ್ಮಿಗೂ ಲಿನಕ್ಸ್ ಅದೇ ಲಿಬ್‌ಎನ್‌ವಿಡಿಮನ್ನೇ ಬಳಸುತ್ತೆ, ಸಿಎಕ್ಸ್‌ಎಲ್ ಪಿಮೆಮ್ ಅನ್ನೋ ಡ್ರೈವರ್ ಎರಡಕ್ಕೂ ಸೇತುವೆ. ಲೇಬಲ್ಲು, ನೇಮ್‌ಸ್ಪೇಸು (ಪಿಮೆಮ್‌ನ ಒಂದು ವಿಭಾಗ), ಡ್ಯಾಕ್ಸು ಎಲ್ಲ ಅದೇ. ಆರ್ಮ್ ಪ್ರೊಸೆಸರ್ ಇರೋ ಬೋರ್ಡಲ್ಲಿ ಡಿವೈಸ್ ಟ್ರೀಯಲ್ಲಿ (ಹಾರ್ಡ್‌ವೇರ್ ವಿವರದ ಪಟ್ಟಿ) ಪಿಮೆಮ್ ರೀಜನ್ ಅಂತ ನೋಡ್ ಬರೆದ್ರೂ ಅಲ್ಲಿಗೇ ಬಂದು ಸೇರುತ್ತೆ. ಜೊತೆಗೆ ವರ್ಚುಯಲ್ ಮಷೀನುಗಳಲ್ಲಿ ಎನ್‌ವಿಡಿಮ್ ಎಮ್ಯುಲೇಶನ್ ದಿನಾ ಬಳಸ್ತಾರೆ. ಹಾರ್ಡ್‌ವೇರ್ ಕಂಪನಿ ಒಂದು ಹಿಂದೆ ಸರಿದ ಮಾತ್ರಕ್ಕೆ, ಬೂಟ್ ದಾಟಿ ಉಳಿಯೋ ಮೆಮೊರಿನ ಆಪರೇಟಿಂಗ್ ಸಿಸ್ಟಮ್ ಹೇಗೆ ನೋಡ್ಕೋಬೇಕು ಅನ್ನೋ ಪ್ರಶ್ನೆ ಹಳೇದಾಗಲ್ಲ.

ಕ್ಯೂರಿ_ಕಾವೇರಿ

ಲೇಬಲ್ ಅಂದ್ರಲ್ಲ ಸರ್, ಅದು ಡಿಸ್ಕಿನ ಪಾರ್ಟಿಷನ್ ಟೇಬಲ್ ಥರಾನಾ?

ಪುಟಪಾಲಕ

ಕೆಲಸ ಹತ್ತಿರ ಹತ್ತಿರ ಅದೇ, ಇರೋ ಜಾಗ ಬೇರೆ. ಪಾರ್ಟಿಷನ್ ಟೇಬಲ್ ಡಿಸ್ಕಿನ ಡೇಟಾ ಜಾಗದಲ್ಲೇ ಇರುತ್ತೆ. ಲೇಬಲ್ಲುಗಳು ಪ್ರತಿ ಡಿಮ್ಮಿನೊಳಗೆ ಪ್ರತ್ಯೇಕವಾದ ಒಂದು ಚಿಕ್ಕ ಜಾಗದಲ್ಲಿ ಇರುತ್ವೆ, ಅದು ಸಿಸ್ಟಮ್ ಅಡ್ರೆಸ್ಸಿಗೆ ಕಾಣಲ್ಲ, ಎಸಿಪಿಐ ಮೆಥಡ್ ಮೂಲಕ ಓದ್ಬೇಕು. ನಾಲ್ಕು ಡಿಮ್ಮು ಇಂಟರ್‌ಲೀವ್ ಆಗಿದ್ರೆ ನಾಲ್ಕರಲ್ಲೂ ಆ ನೇಮ್‌ಸ್ಪೇಸಿನ ಯುಯುಐಡಿ ಇರೋ ಲೇಬಲ್ ಸಿಗಬೇಕು, ಒಂದು ಡಿಮ್ ಕಾಣೆಯಾಗಿದ್ರೆ ಕರ್ನಲ್ ಆ ನೇಮ್‌ಸ್ಪೇಸನ್ನ ಎಬ್ಬಿಸಲ್ಲ. ಅರ್ಧಂಬರ್ಧ ಡೇಟಾ ತೋರಿಸೋದಕ್ಕಿಂತ ತೋರಿಸದೇ ಇರೋದೇ ವಾಸಿ. ಲೇಬಲ್ ಇಂಡೆಕ್ಸ್ ಕೂಡ ಎರಡು ಕಾಪಿ ಇಟ್ಟು ಸೀಕ್ವೆನ್ಸ್ ನಂಬರ್ ಹಾಕಿರ್ತಾರೆ, ಬರೀತಿರೋವಾಗ ಪವರ್ ಹೋದ್ರೆ ಹಳೇ ಕಾಪಿ ಸರಿಯಾಗಿ ಉಳಿದಿರುತ್ತೆ. ಮೆಮ್‌ಮ್ಯಾಪಿನ ನಕಲಿ ಪಿಮೆಮ್ಮಲ್ಲಿ ಲೇಬಲ್ ಇಲ್ಲ, ಇಡೀ ರೇಂಜ್ ಒಂದೇ ನೇಮ್‌ಸ್ಪೇಸು.

ನೇಮ್‌ಸ್ಪೇಸ್ ಎದ್ದ ಮೇಲೆ ಮೋಡ್ ಪ್ರಕಾರ ದಾರಿ ಬೇರೆ ಆಗುತ್ತೆ. ಸೆಕ್ಟರ್ ಮೋಡಾದ್ರೆ ಬಿಟಿಟಿ ಅನ್ನೋ ಲೇಯರ್ ಕೂರುತ್ತೆ, ಅರ್ಧ ಬರೆದ ಸೆಕ್ಟರ್ ಕಾಣದ ಹಾಗೆ ನೋಡ್ಕೊಳ್ಳುತ್ತೆ. ಎಫ್‌ಎಸ್‌ಡ್ಯಾಕ್ಸ್ ಮೋಡಾದ್ರೆ ಕರ್ನಲ್ ಆ ಇಡೀ ರೇಂಜಿಗೆ ಸ್ಟ್ರಕ್ಟ್ ಪೇಜ್ (ಪ್ರತಿ ಪೇಜಿನ ವಿವರ ಇಡೋ ದಾಖಲೆ) ಮಾಡ್ಬೇಕು, ಅದನ್ನ ಝೋನ್ ಡಿವೈಸ್ ಅನ್ನೋ ಪ್ರತ್ಯೇಕ ಝೋನಿಗೆ ಹಾಕುತ್ತೆ. ಪೇಜ್ ಅಲೊಕೇಟರ್ ಆ ಝೋನಿಂದ ಯಾವತ್ತೂ ಹಂಚಲ್ಲ, ಆದ್ರೆ ಡಿಎಂಎ, ಆರ್‌ಡಿಎಂಎ ಥರದವಕ್ಕೆ (ಡಿವೈಸುಗಳು ನೇರವಾಗಿ ಮೆಮೊರಿ ಓದಿ ಬರೆಯೋದು) ಪೇಜು ಅಂತ ಒಂದು ಗುರುತು ಸಿಗುತ್ತೆ. ಡೈರೆಕ್ಟ್ ಮ್ಯಾಪಲ್ಲಿ ಎಂಟ್ರಿ ಬರೋದೂ ಈ ಹಂತದಲ್ಲೇ.

ಇಲ್ಲಿ ಲೆಕ್ಕ ಮಾಡಿ ನೋಡಿ. 4 ಕೆಬಿ ಪೇಜಿಗೆ ಒಂದು ಸ್ಟ್ರಕ್ಟ್ ಪೇಜು, ಅದು 64 ಬೈಟು. 1 ಟಿಬಿ ಪಿಮೆಮ್ಮಿಗೆ 16 ಜಿಬಿ ಆಯ್ತು. 6 ಟಿಬಿ ಇದ್ರೆ 96 ಜಿಬಿ, ಇದನ್ನ ರ್ಯಾಮಲ್ಲಿ ಇಟ್ರೆ ಚಿಕ್ಕ ಸರ್ವರಲ್ಲಿ ರ್ಯಾಮೇ ಉಳಿಯಲ್ಲ. ಹಾಗಾಗಿ ನೇಮ್‌ಸ್ಪೇಸ್ ಮಾಡೋವಾಗ ಆ ಸ್ಟ್ರಕ್ಟ್ ಪೇಜುಗಳನ್ನ ಪಿಮೆಮ್ಮಲ್ಲೇ ಇಡು ಅಂತ ಹೇಳಬಹುದು, ಎನ್‌ಡಿಸಿಟಿಎಲ್ ಕಮಾಂಡಲ್ಲಿ ಮ್ಯಾಪ್ ಆಪ್ಷನ್ನಿಗೆ ಡೆವ್ ಅಂತ ಕೊಡೋದು, ಡೀಫಾಲ್ಟೂ ಅದೇ. ಪ್ರತಿ ಬೂಟಲ್ಲೂ ಅಷ್ಟನ್ನೂ ಹೊಸದಾಗಿ ಇನಿಶಿಯಲೈಸ್ ಮಾಡ್ಬೇಕು, ಟೆರಾಬೈಟ್ ಮಷೀನಲ್ಲಿ ಇದು ಬೂಟ್ ಟೈಮನ್ನ ಚೆನ್ನಾಗೇ ತಿಂತಿತ್ತು, ಆಮೇಲೆ ಬೇರೆ ಬೇರೆ ನ್ಯೂಮಾ ನೋಡಿನ (ಸಿಪಿಯು ಮತ್ತು ಅದರ ಹತ್ತಿರದ ಮೆಮೊರಿಯ ಗುಂಪು) ಪಿಮೆಮ್ ಪ್ಯಾರಲಲ್ ಆಗಿ ಎದ್ದೇಳೋ ಹಾಗೆ ಮಾಡಿದ್ರು. ಅದರ ಪರಿಣಾಮ ಒಂದಿದೆ, ಪಿಮೆಮ್0 ಪಿಮೆಮ್1 ಅನ್ನೋ ಹೆಸರನ್ನ ನಂಬ್ಕೊಂಡು ಎಫ್‌ಎಸ್‌ಟ್ಯಾಬ್ ಬರೀಬೇಡಿ, ಯುಯುಐಡಿ ಹಾಕಿ.

ಬಿಟ್‌ಹುಡುಕಾಟ

ನೋಕೆಎಎಸ್‌ಎಲ್‌ಆರ್ ಹಾಕಿ ನೋಡ್ದೆ, ಏನೂ ಬದಲಾಗ್ಲಿಲ್ಲ, ಆ ಫೈಲ್ ಮತ್ತೆ ಕೆಟ್ಟಿದೆ.

ಪುಟಪಾಲಕ

ಹಾಗಿದ್ರೆ ಕೆಎಎಸ್‌ಎಲ್‌ಆರ್ ಅಲ್ಲ. ಮೊದ್ಲೆಲ್ಲ ಡಿಕಂಪ್ರೆಸ್ ಮಾಡೋ ಕೋಡು ಮೆಮ್‌ಮ್ಯಾಪ್ ಪ್ಯಾರಾಮೀಟರ್ ನೋಡ್ತಾನೇ ಇರ್ಲಿಲ್ಲ, ನಿಜವಾಗ್ಲೂ ಪಿಮೆಮ್ ಮೇಲೆ ಕರ್ನಲ್ ಬಿಚ್ಕೊಂಡಿದ್ದು ಉಂಟು. ಆಮೇಲೆ ಸರಿಮಾಡಿದ್ರು, ಈಗ ನಾಲ್ಕು ಮೆಮ್‌ಮ್ಯಾಪ್ ರೇಂಜುಗಳವರೆಗೆ ತಪ್ಪಿಸಿ ಜಾಗ ಹುಡುಕುತ್ತೆ, ಅದಕ್ಕಿಂತ ಜಾಸ್ತಿ ಇದ್ರೆ ಫಿಸಿಕಲ್ ಅಡ್ರೆಸ್ಸನ್ನ ರ್ಯಾಂಡಮ್ ಮಾಡೋದನ್ನೇ ಬಿಡುತ್ತೆ.

ಈಗ ಎರಡು ಕೆಲಸ ಮಾಡಿ. ಒಂದು, ಪಿಮೆಮ್0 ಪೂರ್ತಿ ಒಂದು ಗೊತ್ತಿರೋ ಪ್ಯಾಟರ್ನ್ ತುಂಬಿ, ಪ್ರತಿ 4 ಕೆಬಿಗೂ ಅದರದೇ ಆಫ್‌ಸೆಟ್ ಬರೆದ್ರೆ ಇನ್ನೂ ಒಳ್ಳೇದು. ರೀಬೂಟ್ ಮಾಡಿ ಎಲ್ಲೆಲ್ಲಿ ಬದಲಾಗಿದೆ ಅಂತ ನೋಡಿ. ಪೂರ್ತಿ ಸೊನ್ನೆ ಆಗಿದ್ರೆ ಫರ್ಮ್‌ವೇರ್ ಮೆಮೊರಿ ಅಳಿಸ್ತಿದೆ. ಒಂದೇ ಕಡೆ ಒಂದು ತುಂಡು ಕೆಟ್ಟಿದ್ರೆ ಯಾರೋ ಅಲ್ಲಿ ಏನೋ ಲೋಡ್ ಮಾಡ್ತಿದಾರೆ. ಎರಡು, ಮಾಮೂಲಿ ರೀಬೂಟಿನ ಬದಲು ಕೆಎಕ್ಸೆಕ್ ಮಾಡಿ, ಅದೇ ಕಮಾಂಡ್ ಲೈನ್ ಕೊಡೋದು ಮರೀಬೇಡಿ. ಕೆಎಕ್ಸೆಕಲ್ಲಿ ಫರ್ಮ್‌ವೇರೂ ಇಲ್ಲ ಬೂಟ್‌ಲೋಡರೂ (ಕರ್ನಲ್ಲನ್ನ ಮೆಮೊರಿಗೆ ತರೋ ಪ್ರೋಗ್ರಾಮ್) ಇಲ್ಲ, ಹಳೇ ಕರ್ನಲ್ಲಿಂದ ಸೀದಾ ಹೊಸ ಕರ್ನಲ್ಲಿಗೆ ಜಿಗಿತ. ಹೊಸ ಕರ್ನಲ್ ಇಮೇಜನ್ನ ಇಡೋಕೂ ಅದು ಸಿಸ್ಟಮ್ ರ್ಯಾಮ್ ಅಂತ ಗುರುತಿರೋ ಜಾಗವನ್ನೇ ಹುಡುಕುತ್ತೆ. ಕೆಎಕ್ಸೆಕಲ್ಲಿ ಡೇಟಾ ಉಳಿದು ರೀಬೂಟಲ್ಲಿ ಕೆಟ್ರೆ ಕರ್ನಲ್ ಮೇಲಿನ ಅನುಮಾನ ಬಿಟ್ಟುಬಿಡಿ.

ಫರ್ಮ್‌ವೇರ್_ಪ್ರಿಯೆ

ಪೂರ್ತಿ ಸೊನ್ನೆ ಆಗಿದ್ರೆ ನೋಡಬೇಕಾದ್ದು ಎರಡು ಕಡೆ. ಇಸಿಸಿ (ಮೆಮೊರಿ ಎರರ್ ತಿದ್ದೋ ವ್ಯವಸ್ಥೆ) ಇರೋ ಮಷೀನುಗಳಲ್ಲಿ ಫರ್ಮ್‌ವೇರ್ ರೀಬೂಟಲ್ಲೂ ಮೆಮೊರಿನ ಹೊಸದಾಗಿ ತುಂಬಿಸೋ ಸಾಧ್ಯತೆ ಇದೆ. ಇನ್ನೊಂದು, ಮೆಮೊರಿ ಓವರ್‌ರೈಟ್ ರಿಕ್ವೆಸ್ಟ್ ಅಂತ ಒಂದು ಯುಇಎಫ್‌ಐ ವೇರಿಯಬಲ್ ಇದೆ, ರೀಬೂಟ್ ಮಾಡಿ ರ್ಯಾಮಲ್ಲಿ ಉಳಿದ ಕೀಗಳನ್ನ ಕದಿಯೋ ಅಟ್ಯಾಕ್ ತಡೆಯೋಕೆ ಇರೋದು. ಕರ್ನಲ್ಲಲ್ಲಿ ರೀಸೆಟ್ ಅಟ್ಯಾಕ್ ಮಿಟಿಗೇಶನ್ ಕಾನ್ಫಿಗ್ ಆನ್ ಆಗಿದ್ರೆ ಇಎಫ್‌ಐ ಸ್ಟಬ್ ಅದನ್ನ ಸೆಟ್ ಮಾಡುತ್ತೆ, ಮುಂದಿನ ರೀಬೂಟಲ್ಲಿ ಫರ್ಮ್‌ವೇರ್ ರ್ಯಾಮ್ ಒರೆಸಿ ಹಾಕುತ್ತೆ. ಸೆಕ್ಯುರಿಟಿಗೆ ಒಳ್ಳೇದು, ನಕಲಿ ಪಿಮೆಮ್ಮಿಗೆ ಅಲ್ಲ.

ಬಿಟ್‌ಹುಡುಕಾಟ

ರಿಸಲ್ಟ್ ಬಂತು, ನಂಗೇ ಆಶ್ಚರ್ಯ ಆಗಿದೆ. ಕೆಎಕ್ಸೆಕ್ ಮಾಡಿದ್ರೆ ಒಂದು ಬೈಟೂ ಬದಲಾಗಲ್ಲ. ಮಾಮೂಲಿ ರೀಬೂಟಲ್ಲಿ ರೀಜನ್ನಿನ ಕೊನೆ ಭಾಗದಲ್ಲಿ ಒಂದೇ ಒಂದು ತುಂಡು ಕೆಟ್ಟಿದೆ, ಮಿಕ್ಕಿದ್ದೆಲ್ಲ ನಾನು ಬರೆದ ಪ್ಯಾಟರ್ನೇ ಇದೆ. ಆ ತುಂಡಿನ ಶುರುವನ್ನ ಹೆಕ್ಸ್ ಡಂಪ್ ಮಾಡಿದ್ರೆ ಅಕ್ಷರದ ಕಡೆ 070701 ಅಂತ ಬರ್ತಿದೆ. ಇದು ಏನಿರಬಹುದು?

ಪುಟಪಾಲಕ

ಸಿಕ್ತು! 070701 ಅನ್ನೋದು ಸಿಪಿಐಒ ಆರ್ಕೈವಿನ ಮ್ಯಾಜಿಕ್ ನಂಬರ್. ಅದು ನಿಮ್ಮ ಇನಿಟ್‌ಆರ್‌ಡಿ, ಬೂಟಿನ ಶುರುವಲ್ಲಿ ಕರ್ನಲ್ ಬಳಸೋ ತಾತ್ಕಾಲಿಕ ಫೈಲುಗಳ ಕಟ್ಟು (ರ್ಯಾಮ್‌ಡಿಸ್ಕ್). ಡಿಮೆಸ್ಗಲ್ಲಿ ರ್ಯಾಮ್‌ಡಿಸ್ಕ್ ಅಂತ ಹುಡುಕಿ ನೋಡಿ, ಮೂವ್ ರ್ಯಾಮ್‌ಡಿಸ್ಕ್ ಅಂತ ಒಂದು ಸಾಲು ಇರ್ಬೇಕು, ಈ ಅಡ್ರೆಸ್ಸಿಂದ ಆ ಅಡ್ರೆಸ್ಸಿಗೆ ಅಂತ.

ಬಿಟ್‌ಹುಡುಕಾಟ

ಇದೆ ಸರ್! ಹಳೇ ಅಡ್ರೆಸ್ಸು ಸರಿಯಾಗಿ ನನ್ನ ಪಿಮೆಮ್ ರೇಂಜಿನೊಳಗೇ ಇದೆ. ಮೊದಲನೇ ಮಷೀನಿನ ಡಿಮೆಸ್ಗಲ್ಲಿ ಆ ಸಾಲೇ ಇಲ್ಲ.

ಪುಟಪಾಲಕ

ಹಾಗಿದ್ರೆ ನಡೆದಿದ್ದು ಇದು. ಬೂಟ್‌ಲೋಡರಿಗೆ ಕರ್ನಲ್ ಕಮಾಂಡ್ ಲೈನು ಅಂದ್ರೆ ಬರೀ ಒಂದು ಸ್ಟ್ರಿಂಗು, ಅದನ್ನ ಕರ್ನಲ್ಲಿಗೆ ದಾಟಿಸೋದಷ್ಟೇ ಅದರ ಕೆಲಸ, ಒಳಗೆ ಮೆಮ್‌ಮ್ಯಾಪ್ ಇದೆ ಅಂತ ಓದ್ಕೊಂಡು ಜಾಗ ಬಿಡೋದಿಲ್ಲ. ಫರ್ಮ್‌ವೇರ್ ಮ್ಯಾಪಲ್ಲಿ ಆ ಜಾಗ ಮಾಮೂಲಿ ರ್ಯಾಮು, ಮೇಲ್ತುದೀಲಿ ಖಾಲಿ ಕಾಣ್ತು, ಅಲ್ಲಿ ಇನಿಟ್‌ಆರ್‌ಡಿ ಇಟ್ಟು ಕರ್ನಲ್ಲಿಗೆ ಕೊಡ್ತು. ಕರ್ನಲ್ ಎದ್ದು ಮೆಮ್‌ಮ್ಯಾಪ್ ಓದಿ ಆ ಜಾಗವನ್ನ ಟೈಪ್ 12 ಮಾಡ್ತು, ಹಾಗಾಗಿ ಅದು ಡೈರೆಕ್ಟ್ ಮ್ಯಾಪಿಗೆ ಬರ್ಲಿಲ್ಲ. ಮ್ಯಾಪ್ ಆಗದ ಜಾಗದಲ್ಲಿ ಇನಿಟ್‌ಆರ್‌ಡಿ ಇದ್ರೆ ಕರ್ನಲ್ ಅದನ್ನ ಸರಿಯಾದ ರ್ಯಾಮಿಗೆ ಕಾಪಿ ಮಾಡ್ಕೊಂಡು ಮುಂದೆ ಹೋಗುತ್ತೆ. ಬೂಟ್ ಚೆನ್ನಾಗೇ ಆಗುತ್ತೆ, ಎಲ್ಲೂ ಎರರ್ ಬರಲ್ಲ. ಆದ್ರೆ ಇನಿಟ್‌ಆರ್‌ಡಿ ಕೂತಿದ್ದ ಜಾಗದಲ್ಲಿದ್ದ ನಿಮ್ಮ ಫೈಲಿನ ಬೈಟುಗಳು ಆಗಲೇ ಹೋಗಿರುತ್ವೆ. ಫೈಲ್‌ಸಿಸ್ಟಮಿನ ಮೆಟಾಡೇಟಾ ಆ ಜಾಗದಲ್ಲಿ ಇರ್ಲಿಲ್ಲ, ಅದಕ್ಕೇ ಎಫ್‌ಎಸ್‌ಸಿಕೆ ಕ್ಲೀನ್ ಅಂದಿದ್ದು.

ಸೆಗ್‌ಫಾಲ್ಟ್_ಸುಬ್ಬು

ಅಬ್ಬಾ. ಅಂದ್ರೆ ಕರ್ನಲ್ ಓಡೋಕೆ ಶುರುವಾಗೋ ಮುಂಚೆಯೇ ಕೆಟ್ಟಿತ್ತು. ನಿಜವಾದ ಎನ್‌ವಿಡಿಮ್ಮಲ್ಲಿ ಹೀಗಾಗಲ್ವಾ?

ಫರ್ಮ್‌ವೇರ್_ಪ್ರಿಯೆ

ಆಗಬಾರದು, ಯಾಕಂದ್ರೆ ಅಲ್ಲಿ ಫರ್ಮ್‌ವೇರಿನ ಮ್ಯಾಪಲ್ಲೇ ಅದು ಪರ್ಸಿಸ್ಟೆಂಟ್ ಅಂತ ಇರುತ್ತೆ. ಬೂಟ್‌ಲೋಡರ್ ಫರ್ಮ್‌ವೇರಿನಿಂದ ಜಾಗ ಕೇಳಿದಾಗ ಸಿಗೋದು ಮಾಮೂಲಿ ಮೆಮೊರಿ ಮಾತ್ರ, ಇಎಫ್‌ಐ ಸ್ಟಬ್ಬೂ ಆ ಮ್ಯಾಪನ್ನೇ ನೋಡುತ್ತೆ, ಕೆಎಎಸ್‌ಎಲ್‌ಆರ್ ಕೂಡ. ಸರಪಳಿಯ ಮೊದಲ ಕೊಂಡಿಗೇ ವಿಷಯ ಗೊತ್ತಿರೋದ್ರಿಂದ ಆಮೇಲೆ ಬರೋರೆಲ್ಲ ತಪ್ಪಿಸ್ಕೊಂಡು ನಡೀತಾರೆ. ಮೆಮ್‌ಮ್ಯಾಪಲ್ಲಿ ಆ ವಿಷಯ ಗೊತ್ತಾಗೋದು ಕೊನೆಯ ಕೊಂಡಿಗೆ ಮಾತ್ರ. ಅದರಲ್ಲಿ ಡ್ಯಾಕ್ಸ್ ಕೋಡ್ ಬರೆದು ಪರೀಕ್ಷೆ ಮಾಡಿ, ಬೇಡ ಅನ್ನಲ್ಲ, ಆದ್ರೆ ಬೂಟ್ ದಾಟಿ ಡೇಟಾ ಉಳಿಯುತ್ತೆ ಅನ್ನೋದನ್ನ ಪರೀಕ್ಷೆ ಮಾಡೋಕೆ ಅದು ಸರಿಯಾದ ಸಾಧನ ಅಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಕ್ಯೂರಿ_ಕಾವೇರಿ

ಇದರ ಜೊತೆ ಇನ್ನೊಂದು ಸೇರಿಸ್ತೀನಿ, ಡೇಟಾಬೇಸಿನವರು ಎಡವೋ ಜಾಗ. ಕರ್ನಲ್ ಮುಟ್ಟದೇ ಇದ್ರೂ, ನೀವು ಬರೆದಿದ್ದು ಸಿಪಿಯು ಕ್ಯಾಶಲ್ಲೇ ಇದ್ದಾಗ ಪವರ್ ಹೋದ್ರೆ ಅದು ಡಿಮ್ಮಿಗೆ ತಲುಪೇ ಇರಲ್ಲ. ಎಡಿಆರ್ ಅನ್ನೋ ವ್ಯವಸ್ಥೆ ಕಾಪಾಡೋದು ಮೆಮೊರಿ ಕಂಟ್ರೋಲರಿನ ಕ್ಯೂಗೆ ಬಂದಿದ್ದನ್ನ ಮಾತ್ರ, ಕ್ಯಾಶನ್ನ ಅಲ್ಲ. ಸಿಎಲ್‌ಡಬ್ಲ್ಯೂಬಿ ಮತ್ತು ಎಸ್‌ಫೆನ್ಸ್ (ಕ್ಯಾಶಲ್ಲಿರೋದನ್ನ ಮೆಮೊರಿಗೆ ಕಳಿಸೋಕೆ ಬಳಸೋ ಸಿಪಿಯು ಇನ್‌ಸ್ಟ್ರಕ್ಷನ್ನುಗಳು) ಹಾಕಿ ಅಥವಾ ಎಂಸಿಂಕ್ ಮಾಡಿ. ಇಎಡಿಆರ್ ಇರೋ ಪ್ಲಾಟ್‌ಫಾರ್ಮಲ್ಲಿ ಕ್ಯಾಶ್ ಕೂಡ ಸೇರುತ್ತೆ, ಅದು ಇದ್ಯಾ ಅಂತ ಎನ್‌ಫಿಟ್‌ನ ಪ್ಲಾಟ್‌ಫಾರ್ಮ್ ಕೆಪಬಿಲಿಟಿ ಹೇಳುತ್ತೆ, ಕರ್ನಲ್ ಅದನ್ನ ಬೂಟಲ್ಲೇ ಓದಿ ರೀಜನ್ನಿನ ಪರ್ಸಿಸ್ಟೆನ್ಸ್ ಡೊಮೇನ್ ಅಂತ ಸಿಸ್‌ಎಫ್‌ಎಸ್‌ನಲ್ಲಿ ತೋರಿಸುತ್ತೆ. ಊಹೆ ಮಾಡದೇ ಅಲ್ಲಿ ನೋಡಿ.

ಬಿಟ್‌ಹುಡುಕಾಟ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಸದ್ಯಕ್ಕೆ ರೇಂಜನ್ನ ಮೇಲ್ತುದಿಯಿಂದ ಕೆಳಗೆ ಸರಿಸಿ ನೋಡ್ದೆ, ಚೆಕ್‌ಸಮ್ ಸರಿ ಬರ್ತಿದೆ, ಮೂವ್ ರ್ಯಾಮ್‌ಡಿಸ್ಕ್ ಸಾಲೂ ಹೋಯ್ತು. ಆದ್ರೆ ಪ್ರಿಯೆ ಮೇಡಂ ಹೇಳಿದ ಮೇಲೆ ಇದನ್ನ ನಂಬ್ಕೊಂಡು ಕೂರಲ್ಲ. ವರ್ಚುಯಲ್ ಮಷೀನ್ ಓಡಿಸೋ ಕ್ಯೂಎಂಯುನಲ್ಲಿ ಎನ್‌ವಿಡಿಮ್ ಎಮ್ಯುಲೇಶನ್ ಮಾಡೋದು ಹೇಗೆ?

ಫರ್ಮ್‌ವೇರ್_ಪ್ರಿಯೆ

ಮಷೀನ್ ಆಪ್ಷನ್ನಲ್ಲಿ ಎನ್‌ವಿಡಿಮ್ ಆನ್ ಮಾಡಿ, ಮೆಮೊರಿ ಆಪ್ಷನ್ನಲ್ಲಿ ಸ್ಲಾಟು ಮತ್ತು ಮ್ಯಾಕ್ಸ್‌ಮೆಮ್ ಕೊಡಿ, ಒಂದು ಫೈಲನ್ನ ಮೆಮೊರಿ ಬ್ಯಾಕೆಂಡ್ ಆಗಿ ಶೇರ್ ಆನ್ ಮಾಡಿ ಕೊಡಿ, ಅದಕ್ಕೆ ಎನ್‌ವಿಡಿಮ್ ಡಿವೈಸ್ ಕಟ್ಟಿ. ಶೇರ್ ಆನ್ ಕೊಡದೇ ಇದ್ರೆ ಬರೆದಿದ್ದು ಫೈಲಿಗೆ ಹೋಗಲ್ಲ, ಅದನ್ನ ಮರೀಬೇಡಿ. ಕ್ಯೂಎಂಯು ತಾನೇ ಎನ್‌ಫಿಟ್ ಟೇಬಲ್ ಮಾಡಿ ಕೊಡುತ್ತೆ, ಗೆಸ್ಟಲ್ಲಿ ಎನ್‌ಫಿಟ್ ಡ್ರೈವರ್ ದಾರಿನೇ ಓಡುತ್ತೆ. ಲೇಬಲ್ ಸೈಜ್ ಕೊಟ್ರೆ ಲೇಬಲ್ಲೂ ಬರುತ್ತೆ. ಗೆಸ್ಟ್ ಪೂರ್ತಿ ಆಫ್ ಮಾಡಿ ಆನ್ ಮಾಡಿದ್ರೂ ಡೇಟಾ ಫೈಲಲ್ಲಿ ಇರುತ್ತೆ. ಅನ್‌ಆರ್ಮ್ಡ್ ಅಂತ ಆಪ್ಷನ್ ಇದೆ, ಅದನ್ನ ಆನ್ ಮಾಡಿ ಬೂಟ್ ಮಾಡಿ, ರೀಜನ್ ರೀಡ್ ಓನ್ಲಿ ಆಗಿ ಬರೋದನ್ನ ಕಣ್ಣಾರೆ ನೋಡಬಹುದು.

ಪುಟಪಾಲಕ

ಅದರ ಜೊತೆ ಒಂದು ಎಚ್ಚರಿಕೆ. ಅದೇ ಡಿವೈಸನ್ನ ಡೆವ್‌ಡ್ಯಾಕ್ಸ್ (ಫೈಲ್‌ಸಿಸ್ಟಮ್ ಇಲ್ಲದೇ ನೇರ ಬಳಸೋ ಮೋಡು) ಮಾಡಿ ಡ್ಯಾಕ್ಸ್‌ಸಿಟಿಎಲ್ ಕಮಾಂಡಿಂದ ಸಿಸ್ಟಮ್ ರ್ಯಾಮ್ ಮೋಡಿಗೆ ಹಾಕೋ ಸೌಲಭ್ಯ ಕರ್ನಲ್ 5.1ರಿಂದ ಇದೆ, ಕೆಮೆಮ್ ಡ್ರೈವರ್ ಅದು. ಹಾಕಿದ ತಕ್ಷಣ ಆ ಜಾಗ ಸಿಪಿಯು ಇಲ್ಲದ ಒಂದು ನ್ಯೂಮಾ ನೋಡ್ ಆಗಿ ಪೇಜ್ ಅಲೊಕೇಟರಿಗೆ ಸೇರುತ್ತೆ, ಮೇಲೆ ಹೇಳಿದ ಮುಟ್ಟದೇ ಇರೋ ನಿಯಮ ಅಲ್ಲಿಗೆ ಮುಗೀತು, ಹಳೇ ಡೇಟಾ ಮೇಲೆ ಯಾರ ಪೇಜ್ ಬೇಕಾದ್ರೂ ಬರುತ್ತೆ. ಬೇಕಾದ ಡೇಟಾ ಇದ್ರೆ ಮೊದ್ಲು ಬ್ಯಾಕಪ್ ತಗೊಳ್ಳಿ. ರೂಟ್ ಫೈಲ್‌ಸಿಸ್ಟಮನ್ನ ಪಿಮೆಮ್ ಮೇಲೆ ಇಡೋ ಪ್ಲಾನ್ ಇದ್ರೆ ಎನ್‌ಫಿಟ್, ಲಿಬ್‌ಎನ್‌ವಿಡಿಮ್, ಎನ್‌ಡಿ ಪಿಮೆಮ್ ಮೂರೂ ಮಾಡ್ಯೂಲುಗಳು ಇನಿಟ್‌ಆರ್‌ಡಿ ಒಳಗೆ ಇರ್ಲೇಬೇಕು, ಬಿಟಿಟಿ ಬಳಸ್ತಿದ್ರೆ ಎನ್‌ಡಿ ಬಿಟಿಟಿ ಕೂಡ. ಕ್ಯೂಎಂಯುನಲ್ಲಿ ಮಾಡಿ ಲಾಗ್ ಹಾಕಿ, ಎನ್‌ಫಿಟ್ ಟೇಬಲ್ ಡಂಪನ್ನ ಇಲ್ಲೇ ಸಾಲುಸಾಲಾಗಿ ಓದೋಣ.

ಬಿಟ್‌ಹುಡುಕಾಟ

ಖಂಡಿತ ಸರ್, ಗೆಸ್ಟ್ ರೆಡಿ ಮಾಡ್ತಾ ಇದೀನಿ, ಡಂಪ್ ತೆಗೆದ ತಕ್ಷಣ ಹಾಕ್ತೀನಿ.